ಆಟ ಮುಗಿದ ಮೇಲಿನ ಮಾತು

ಅಪ್ಪಾ,

ಫುಟ್‌ಬಾಲ್ ಆಟ ಮುಗಿದ ಸೀಟಿ ಕೇಳಿಸಿದ ಕೂಡಲೇ ನೀನು ಅಂಗಡಿಯ ಟಿವಿ ಆಫ್ ಮಾಡ್ತಿದ್ದೆ. "ಇನ್ನು ಬರೀ ಮಾತು. ಗಿರಾಕಿ ಮುಖ ಅಲ್ಲಾಡಿಸಿದರೆ ಕ್ಷೌರ ಕೆಡುತ್ತೆ," ಅಂತಿದ್ದೆ. ನೀನು ಹೋದ ಮೇಲೂ ನಾನು ಹಾಗೇ ನಡೆಸಿಕೊಂಡು ಬಂದೆ. ಇವತ್ತು ಆಫ್ ಮಾಡಲಿಲ್ಲ.

ನಮ್ಮ ತಂಡ ಗೆದ್ದಿತು. ಬೇರೆಯವರು ಸಿಗೋವರೆಗೆ ಅಂತ ಕೂರಿಸಿದ್ದ ಹಂಗಾಮಿ ಕೋಚ್ ಮೈಕಿನ ಮುಂದೆ ನಿಂತ. "ಹುಡುಗರು ಚೆನ್ನಾಗಿ ಆಡ್ತಾರೆ. ಅದನ್ನ ನಾನು ಅವರಿಗೆ ಯಾವತ್ತೂ ಹೇಳಿಲ್ಲ," ಅಂದವನೇ ಬಿಕ್ಕಿದ.

ವಾರವಿಡೀ "ಇವನ ಕೈಲಿ ಏನೂ ಆಗಲ್ಲ" ಅಂತ ಅವನನ್ನ ಬೈದಿದ್ದ ನಿನ್ನ ದೋಸ್ತ್, ವೆಲ್ಡರ್ ಮಾಮ, ನನ್ನ ಕುರ್ಚಿಯಲ್ಲೇ ಇದ್ದರು. ನೊರೆ ಹಚ್ಚಿದ ಗಲ್ಲ ನಡುಗತೊಡಗಿತು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

"ಸೋಪು ಕಣ್ಣಿಗೆ ಹೋಯ್ತು ಕಣಮ್ಮ," ಅಂದರು ಮಾಮ. ಯಾರೂ ನಗಲಿಲ್ಲ.

ಅವರ ಗಲ್ಲ ತಹಬಂದಿಗೆ ಬರೋವರೆಗೆ ನಾನು ಕತ್ತಿ ಎತ್ತಿ ಹಿಡಿದು ನಿಂತೆ. ಆಮೇಲೆ ಗಲ್ಲದ ಮೇಲೆ ಇಳಿಸಿದೆ. ಒಂದು ಗೀರೂ ಬೀಳಲಿಲ್ಲ. ನನ್ನ ಕೈ ನಿನ್ನ ಕೈಗಿಂತ ಚೆನ್ನಾಗಿ ಪಳಗಿದೆ. ನೀನು ಯಾವತ್ತೂ ಹೇಳಲಿಲ್ಲ, ನಾನೇ ಎದೆ ತಟ್ಟಿ ಹೇಳ್ತೀನಿ.

ಮಾತಾಡಿದರೆ ಕ್ಷೌರ ಕೆಡಲ್ಲಪ್ಪಾ. ಕತ್ತಿ ಎತ್ತಿ ಹಿಡಿದು ನೀನು ಸ್ವಲ್ಪ ಕಾದಿದ್ದರೆ ಸಾಕಿತ್ತು.