ಅಪ್ಪನ ಪಕ್ಕದ ಎಲೆ

ಬ್ಯಾಟರಾಯನಪುರ,
25 ಸೆಪ್ಟೆಂಬರ್ 2018, ಮಂಗಳವಾರ

ಪ್ರೀತಿಯ ತಮ್ಮ ಯಶವಂತನಿಗೆ, ಅಕ್ಕ ಮನಸಾರೆ ಹರಸಿ ಬರೆಯೋ ಕಾಗದ.

ಹೆಂಗಿದ್ದೀಯೋ? ಹುಬ್ಬಳ್ಳೀಲಿ ಮಳೆ ನಿಂತಿದ್ಯಾ? ಬೇರೆಯವರಿಗಾದ್ರೆ ಆರೋಗ್ಯವಾಗಿದ್ದೀಯಾ ಅಂತ ಒಂದು ಮಾತು ಕೇಳಿ ಮುಂದಕ್ಕೆ ಹೋಗಬಹುದಿತ್ತು. ನಿನ್ನನ್ನ ಮಾತ್ರ ಬಿಡಿಸಿ ಬಿಡಿಸಿ ಕೇಳ್ತೀನಿ. ಹಸಿವಾಗುತ್ತಾ? ರಾತ್ರಿ ಕಣ್ಣು ಎಳೆಯುತ್ತಾ? ಬಿಸಿಲಲ್ಲಿ ನಿಂತ್ರೆ ಬೆವರು ಬರುತ್ತಾ? ಒಂದು ಸೀನು, ಒಂದು ತಲೆನೋವು, ಏನಾದ್ರೂ? ನಗಬೇಡ, ಒಂದೊಂದಕ್ಕೂ ಉತ್ತರ ಬೇಕು ನಂಗೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೀವಿ. ಅಮ್ಮನ ಮಂಡಿನೋವು ಹಾಗೇ ಇದೆ, ನಿಮ್ಮ ಭಾವನ ಗೊರಕೆನೂ ಹಾಗೇ ಇದೆ.

ಫೋನ್ ಇರೋವಾಗ ಕಾಗದ ಯಾಕೆ ಅಂತೀಯ. ಫೋನಲ್ಲಿ ನಿನ್ನ ಹತ್ರ ಮಾತಾಡಿ ಗೆದ್ದೋರು ಯಾರಪ್ಪಾ? ಭಯ ಆಗ್ತಿದೆ ಕಣೋ ಅಂತ ಶುರು ಮಾಡಿದ್ರೆ, ಭಯಾನೂ ಒಂದು ನೆಪ ಅಕ್ಕಾ ಅಂತೀಯ. ಎರಡು ನಿಮಿಷಕ್ಕೆ ನಾನೇ ಹುರುಪಾಗಿ ಸೆರಗು ಸಿಕ್ಕಿಸ್ಕೊಂಡು ಕೆಲಸಕ್ಕೆ ಎದ್ದಿರ್ತೀನಿ. ಹೇಳಬೇಕಾದ್ದು ಗಂಟಲಲ್ಲೇ ಉಳ್ಕೊಂಡಿರುತ್ತೆ. ಕಾಗದಕ್ಕೆ ನೀನು ಅಡ್ಡ ಬಾಯಿ ಹಾಕೋಕಾಗಲ್ಲ, ಕೊನೇವರೆಗೂ ಓದಲೇಬೇಕು.

ನೀನು ಮೊದಲು ಹೆಂಗಿದ್ದೆ ಅಂತ ನಿನಗೇ ಮರೆತುಹೋಗಿರಬೇಕು. ನೆಪ ಹೇಳೋದ್ರಲ್ಲಿ ನಿನ್ನನ್ನ ಮೀರಿಸೋರು ಇಡೀ ಬ್ಯಾಟರಾಯನಪುರದಲ್ಲಿ ಇರಲಿಲ್ಲ. ಕೊಡಿಗೇಹಳ್ಳಿ ಗೇಟ್ ಹತ್ರ ಮೊಬೈಲ್ ಅಂಗಡಿ ಹಾಕಿದೆ, ರೋಡಿನ ಧೂಳು ಆಗಿಬರಲ್ಲ ಅಂತ ಮುಚ್ಚಿದೆ. ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸಿದೆ, ನಿದ್ದೆಗೆಟ್ರೆ ಪಿತ್ತ ಏರುತ್ತೆ ಅಂತ ಬಿಟ್ಟೆ. ಹೆಸರಘಟ್ಟದಲ್ಲಿ ಅಪ್ಪ ಕಟ್ಟಿಸಿದ್ದ ಕೊಟ್ಟಿಗೆ ನೋಡ್ಕೊಳ್ಳೋ ಅಂದ್ರೆ, ಹಸುಗಳು ನನ್ನನ್ನ ಗುರಾಯಿಸ್ತವೆ ಅಂದಿದ್ದೆ ನೋಡು, ಅದನ್ನ ನೆನೆಸ್ಕೊಂಡು ಅಪ್ಪ ಸಾಯೋ ಹಿಂದಿನ ವಾರಾನೂ ಕೆಮ್ಮಿ ಕೆಮ್ಮಿ ನಕ್ಕಿದ್ದ. ಬಾಯಿಗೆ ಬಂದಂಗೆ ಬೈತಿದ್ದ, ಆಮೇಲೆ ಊಟಕ್ಕೆ ಪಕ್ಕದಲ್ಲೇ ಕೂರಿಸ್ಕೊಳ್ತಿದ್ದ. ಅಪ್ಪನ ಎಡಗಡೆ ನಿನ್ನ ಜಾಗ, ನೆಟ್ಟಗೆ ಕೂರೋಕೆ ಕಲಿತಾಗಿಂದ. ಅಮ್ಮ ಅಪ್ಪನಿಗೆ ಬಡಿಸಿದ ಸೌಟನ್ನ ಹಾಗೇ ನಿನ್ನ ಕಡೆಗೆ ತಿರುಗಿಸೋಳು, ತಿರುಗಿ ನೋಡ್ತಾನೂ ಇರಲಿಲ್ಲ. ಆಮೇಲೆ ಹುಬ್ಬಳ್ಳೀಲಿ ವಾಟರ್ ಫಿಲ್ಟರ್ ಮಾರೋ ಕೆಲಸ ಅಂತ ಹೊರಟೆ. ಅಪ್ಪ ಹೋದಾಗ ಬಂದು ಮಣ್ಣು ಹಾಕಿ, ತಿಥಿ ಮುಗಿದಿದ್ದೇ ವಾಪಸ್ ಹೋದವನು ಮತ್ತೆ ಮನೆ ಹೊಸ್ತಿಲು ತುಳಿದಿಲ್ಲ.

ಹೋದ ವರ್ಷದ ಮಹಾಲಯ ಅಮಾವಾಸ್ಯೆ ಅಪ್ಪನಿಗೆ ಮೊದಲನೇ ಎಡೆ. ನೀನು ಬರಲಿಲ್ಲ. ಜ್ವರ ಅಂದೆ. ನಾವು ಯಾರೂ ನಂಬಲಿಲ್ಲ. ನಮ್ಮನೇಲಿ ಎಡೆ ಇಡೋ ಕ್ರಮ ನಿಂಗೆ ಗೊತ್ತೇ ಇದೆ: ಸತ್ತವರಿಗೆ ತಲೆಗೊಂದು ಬಾಳೆಲೆ, ಒಬ್ಬೊಬ್ಬರ ಹೆಸರು ಕೂಗಿ ಊಟಕ್ಕೆ ಕರೀಬೇಕು, ಅವರವರಿಗೆ ಇಷ್ಟವಾದ್ದು ಬಡಿಸಬೇಕು. ಆಮೇಲೆ ಬಾಗಿಲು ಎಳ್ಕೊಂಡು ಎಲ್ಲರೂ ಆಚೆ ಬಂದುಬಿಡಬೇಕು, ಹಿರಿಯರು ಉಣ್ಣೋವಾಗ ಜೀವ ಇರೋರು ನೋಡಬಾರದು. ಅಮ್ಮ ತಾತನ್ನ ಕರೆದ್ಲು, ಅಜ್ಜೀನ ಕರೆದ್ಲು. ಆಮೇಲೆ ಅಪ್ಪನ್ನ ಕರೆದ್ಲು. ಮಟನ್ ಸಾರು ಬಡಿಸಿದ್ಲು. ಅಷ್ಟರಲ್ಲಿ ಅವಳ ಕೈ ಅದರಷ್ಟಕ್ಕೆ ಅದೇ ಇನ್ನೊಂದು ಎಲೆ ತಗೊಂಡು ಅಪ್ಪನ ಎಡಗಡೆ ಹಾಸಿತು. ಸೌಟು ತಿರುಗಿತು. ಯಶವಂತಾ, ಬಾ ಮಗಾ, ಸಾರು ಆರೋಗ್ತದೆ ಅಂದ್ಲು. ಎಷ್ಟೋ ವರ್ಷದ ಅಭ್ಯಾಸ ಕಣೋ, ಬೇಕಂತ ಮಾಡಿದ್ದಲ್ಲ. ಆದ್ರೆ ಎಲೆ ಹಾಕಿ ಹೆಸರು ಕೂಗಿ ಆಗಿತ್ತು. ತೆಗೀ ಅನ್ನೋಕೆ ನಮಗ್ಯಾರಿಗೂ ಬಾಯಿ ಬರಲಿಲ್ಲ. ಬಾಗಿಲು ಹಾಕ್ಕೊಂಡು ಜಗಲಿ ಮೇಲೆ ಬಂದು ಕೂತ್ವಿ.

ದೀಪ ಹಚ್ಚೋ ಹೊತ್ತು. ಫ್ಲೈಓವರ್ ಮೇಲೆ ಏರ್‌ಪೋರ್ಟ್ ಗಾಡಿಗಳು ಸಾಲಾಗಿ ನಿಂತಿದ್ವು. ಪಕ್ಕದ ಮನೆ ಗೋಪಾಲಮ್ಮ ಕಾಂಪೌಂಡಿಂದಲೇ ವಡೆ ಆಯ್ತಾ ಅಂತ ಕೇಳಿದ್ರು. ಎಲ್ಲ ಮಾಮೂಲಿನ ಹಾಗೇ ಇತ್ತು. ಆಗ ಒಳಗಿಂದ ಯಾರೋ ತೇಗಿದ ಸದ್ದು ಬಂತು. ನಿಮ್ಮ ಭಾವ ನನ್ನ ಮುಖ ನೋಡಿದ್ರು, ನಾನು ಅವರ ಮುಖ ನೋಡಿದೆ. ಅಮ್ಮನ ಅಣ್ಣ, ಮುನಿಆಂಜಿನಪ್ಪ ಮಾವ, ಹಚ್ಚೋಕೆ ತೆಗೆದ ಬೀಡೀನ ಹಾಗೇ ಹಿಡ್ಕೊಂಡು ಕೂತಿದ್ರು. ಅಮ್ಮ ಮೂರು ಸಲ ಬಾಗಿಲು ತಟ್ಟಿ ತೆಗೆದ್ಲು. ತಾತನ ಎಲೆ, ಅಜ್ಜಿ ಎಲೆ, ಅಪ್ಪನ ಎಲೆ, ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಅಪ್ಪನ ಪಕ್ಕದ ಎಲೆ ಮಾತ್ರ ಖಾಲಿ. ಒರೆಸಿ ತಿಂದ ಹಾಗೆ ಖಾಲಿ. ಚೀಪಿದ ಮೂಳೆಗಳನ್ನ ಎಲೆ ಅಂಚಿಗೆ ಬೇಲಿ ಹಾಕಿದಂಗೆ ಸಾಲಾಗಿ ಜೋಡಿಸಿತ್ತು. ಹಂಗೆ ಜೋಡಿಸೋದು ಈ ಪ್ರಪಂಚದಲ್ಲಿ ನೀನೊಬ್ಬನೇ. ಬೆಕ್ಕು ಬಂದಿರಬೇಕು ಅಂದ್ರು ನಿಮ್ಮ ಭಾವ. ಕಿಟಕಿ ಎಲ್ಲ ಚಿಲಕ ಹಾಕಿತ್ತು. ಬೆಕ್ಕು ಮೂಳೆ ಜೋಡಿಸುತ್ತೇನೋ?

ತಕ್ಷಣ ನಿಂಗೆ ಫೋನ್ ಮಾಡಿದೆ. ನೆನಪಿದ್ಯಾ? ನಿಜವಾಗ್ಲೂ ಜ್ವರದಲ್ಲಿ ಬಿದ್ದಿದ್ದೆ, ಬೆಳಗ್ಗಿಂದ ಒಂದು ಗುಟುಕು ನೀರೂ ಇಳಿದಿರಲಿಲ್ಲವಂತೆ. ಈಗ ಇದ್ದಕ್ಕಿದ್ದಂಗೆ ಜ್ವರ ಇಳೀತು ಅಕ್ಕಾ, ಹೊಟ್ಟೆ ತುಂಬಿದಂಗಿದೆ, ಬಾಯಲ್ಲಿ ಅಮ್ಮನ ಸಾರಿನ ರುಚಿ ಇದೆ ಅಂದೆ. ನಾನು ಫೋನನ್ನ ಅಮ್ಮನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ನಿಂತ್ಕೊಂಡೆ. ಅಮ್ಮನಿಗೆ ಖುಷಿಯೋ ಖುಷಿ, ಮಗ ಅಷ್ಟು ದೂರದಿಂದ ಬಂದು ಉಂಡ ಅಂತ. ಮಾವ ಮಾತ್ರ ಊಟಕ್ಕೂ ನಿಲ್ಲಲಿಲ್ಲ. ಹೋಗೋವಾಗ ನನ್ನನ್ನ ಗೇಟ್ ಹತ್ರ ಕರೆದು, ಉಸಿರಾಡೋನಿಗೆ ಎಲೆ ಆಕಬಾರ್ದು ನಾಗೂ, ಈ ಸಲ ಕೈತಪ್ಪು, ಮುಂದಿನ್ ಸಲಾನೂ ಆಕಿದ್ರೆ ಅದು ಅವ್ನನ್ನ ಆ ಸಾಲ್ಗೆ ಕರೆದಂಗೆ ಅಂದ್ರು.

ಅಲ್ಲಿಂದ ಶುರುವಾಯ್ತಲ್ಲ ನಿನ್ನ ಏಳಿಗೆ. ಒಂದು ತಿಂಗಳೊಳಗೆ ಕಂಪನಿಯೋರು ನಿನ್ನನ್ನ ಬೇರೆ ಸೇಲ್ಸ್‌ನೋರಿಗೆ ಪಾಠ ಹೇಳೋಕೆ ನಿಲ್ಲಿಸಿದ್ರು. ದೀಪಾವಳಿ ಕಳೀತಿದ್ದಂಗೆ ನೆಪ ಬಿಡಿ ಅಂತ ನಿಂದೇ ಕ್ಲಾಸು, ಪೋಸ್ಟರು, ಊರೂರಲ್ಲಿ ಭಾಷಣ. ಏಪ್ರಿಲ್‌ನಲ್ಲಿ ಯಲಹಂಕದ ಕಲ್ಯಾಣ ಮಂಟಪಕ್ಕೆ ನೀನು ಬಂದಾಗ ನಾನೂ ಭಾವನೂ ಬಂದು ಹಿಂದಿನ ಸಾಲಲ್ಲಿ ಕೂತಿದ್ವಿ. ಕರೆಂಟ್ ಹೋಗಿತ್ತು. ಜನ ಪಾಂಪ್ಲೆಟ್‌ನಲ್ಲಿ ಗಾಳಿ ಹಾಕ್ಕೊಂಡು ಬೆವರಲ್ಲಿ ತೊಯ್ದುಹೋಗಿದ್ರು. ನೀನು ಕೋಟು ಹಾಕ್ಕೊಂಡು ಬೆಳಗ್ಗಿಂದ ಸಂಜೇವರೆಗೂ ನಿಂತೇ ಇದ್ದೆ. ನೀರು ಕುಡೀಲಿಲ್ಲ, ಹಣೆ ಒರೆಸ್ಕೊಳ್ಳಲಿಲ್ಲ. ಹಸಿವು ಒಂದು ನೆಪ, ನಿದ್ದೆ ಒಂದು ನೆಪ, ಸುಸ್ತು ಒಂದು ನೆಪ, ದುಃಖಾನೂ ನೆಪವೇ ಅಂದೆ. ಜನ ಎದ್ದು ಚಪ್ಪಾಳೆ ಹೊಡೆದ್ರು. ಸಂಜೆಗೆ ಯಲಹಂಕ ಕೆರೆ ಸೊಳ್ಳೆ ಮುತ್ಕೊಂಡು ನಾವೆಲ್ಲ ಪಟಪಟ ಕಾಲು ಬಡ್ಕೊಳ್ತಿದ್ರೆ, ನಿನ್ನ ಹತ್ರ ಒಂದೂ ಸುಳೀಲಿಲ್ಲ. ಅದನ್ನ ಬೇರೆ ಯಾರೂ ಗಮನಿಸಿರಲಿಕ್ಕಿಲ್ಲ, ನಾನು ನಿನ್ನ ಅಕ್ಕ ಅಲ್ವಾ, ಕಣ್ಣು ತೆಗೀದೆ ನೋಡ್ತಿದ್ದೆ.

ಭಾಷಣ ಮುಗಿದ ಮೇಲೆ ನಿನ್ನ ಕೈ ಹಿಡ್ಕೊಂಡೆ, ಮಡಕೆ ನೀರಿನಷ್ಟು ತಣ್ಣಗಿತ್ತು. ನೀನು ಕೇಳದೇ ಇದ್ರೂ ಮುದ್ದೆ, ಬಸ್ಸಾರು ಕಟ್ಕೊಂಡು ಬಂದಿದ್ದೆ. ಹುರುಳಿಕಾಳಿನ ಬಸ್ಸಾರು ಅಂದ್ರೆ ನನ್ನ ತಟ್ಟೆಗೂ ಕೈ ಹಾಕ್ತಿದ್ದವನು ನೀನು. ಡಬ್ಬಿ ತೆಗೆದೆ, ನೀನು ಅದೇನೋ ಗೊತ್ತಿಲ್ಲದ ಪದಾರ್ಥ ಅನ್ನೋ ಹಾಗೆ ನೋಡಿದೆ, ಬಾಗಿಲಲ್ಲಿದ್ದ ಸೆಕ್ಯೂರಿಟಿ ಯಜಮಾನರಿಗೆ ಕೊಟ್ಟುಬಿಟ್ಟೆ. ಕೈಯಲ್ಲಿದ್ದ ವಾಚನ್ನ ಯಾವನೋ ಚೆನ್ನಾಗಿದೆ ಅಂದಿದ್ದಕ್ಕೆ ಬಿಚ್ಚಿ ಕೊಟ್ಟೆ. ಕೋಟೂ ಹೋಯ್ತು. ಎಂಥ ದೊಡ್ಡ ಮನಸ್ಸು ಅಂತ ಹೆಂಗಸರು ಕಣ್ಣೀರು ಹಾಕ್ಕೊಂಡ್ರು. ನಂಗೂ ಅಳು ಬಂತು, ಬೇರೆ ಕಾರಣಕ್ಕೆ. ತನಗೂ ಬೇಕು ಅನ್ನಿಸೋನು ಕೊಟ್ರೆ ಅದು ದಾನ ಕಣೋ. ನೀನು ಕೊಡ್ತಿದ್ದದ್ದು ಮನೆ ಖಾಲಿ ಮಾಡೋರು ಸಾಮಾನು ಹಂಚಿದ ಹಾಗಿತ್ತು. ಇಲ್ಲೇ ಇದೆ ಮನೆ, ಅಮ್ಮನ್ನ ನೋಡ್ಕೊಂಡು ಹೋಗು ಅಂದ್ರೆ, ಕರೆದಾಗ ಬರ್ತೀನಿ ಅಕ್ಕಾ ಅಂದೆ. ಅವತ್ತು ಅದರ ಅರ್ಥ ಆಗಲಿಲ್ಲ.

ನಿನ್ನ ಮಾತೆಲ್ಲ ಬುರುಡೆ ಅಂತ ಮಾತ್ರ ನಾನು ಹೇಳಲ್ಲ. ಹೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗುತ್ತೆ. ಮೈ ಕೈ ನೋವು, ಮಕ್ಕಳ ಪರೀಕ್ಷೆ, ಜನ ಏನಂತಾರೋ ಅಂತ ಮುಂದಕ್ಕೆ ಹಾಕ್ತಿದ್ದ ಹೋಳಿಗೆ ಅಂಗಡೀನ ಯಲಹಂಕದಿಂದ ಬಂದ ವಾರವೇ ಸಹಕಾರನಗರದಲ್ಲಿ ಶುರು ಮಾಡಿದೆ. ದಿನಾ ಮೊದಲನೇ ಹೋಳಿಗೆ ದುಡ್ಡಿಲ್ಲದೆ ಯಾರಿಗಾದ್ರೂ ಕೊಡು ಅಂತ ನೀನು ಅಂದಿದ್ದೆ, ಕೊಡ್ತೀನಿ. ಪಕ್ಕದಲ್ಲಿ ಟೈಲರಿಂಗ್ ಮಾಡೋ ಶಹರ್‌ಬಾನು ಅದನ್ನ ನೋಡಿ, ತಮ್ಮ ಗಿರಾಕಿಗಳನ್ನೆಲ್ಲ ನನ್ನ ಹತ್ರ ಕಳಿಸ್ತಾರೆ. ವ್ಯಾಪಾರ ಚೆನ್ನಾಗಿದೆ. ಆದ್ರೆ ನೋಡು, ಸಂಜೆ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗುತ್ತೆ, ಹಸಿವಿಗೆ ಕಣ್ಣು ಕತ್ತಲೆ ಬರುತ್ತೆ, ಗಿರಾಕಿ ಮೇಲೆ ರೇಗ್ತೀನಿ. ಒಂದೊಂದು ದಿನ ತಲೆನೋವು ಅಂತ ಸುಳ್ಳು ಹೇಳಿ ಅಂಗಡಿ ತೆಗೆಯಲ್ಲ, ಹೊದ್ಕೊಂಡು ಮಲಗ್ತೀನಿ. ಆಹಾ ಅದರ ಸುಖವೇ! ಬೈಕೋ ಬೇಕಾದ್ರೆ.

ಈಗ ಅಸಲು ವಿಷಯ. ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಮಹಾಲಯ ಅಮಾವಾಸ್ಯೆ. ಈ ಸಲಾನೂ ಅಪ್ಪನ ಪಕ್ಕ ನಿಂಗೆ ಎಲೆ ಹಾಕ್ತೀನಿ ಅಂತ ಅಮ್ಮ ಪಟ್ಟು ಹಿಡಿದಿದ್ದಾಳೆ. ಈ ಸಲ ಮರೆತಲ್ಲ, ಬೇಕಂತಲೇ. ಆ ಎಲೆ ಇಟ್ಟಿದ್ದಕ್ಕೇ ನನ್ ಮಗ ಇಂಗೆ ಮೇಲಕ್ಕೆ ಬಂದ, ಇರೀಕರೇ ಕೈ ಇಡಿದು ಎತ್ತಿದ್ರು ಅಂತಾಳೆ. ಅತ್ಕೊಂಡು ಕಾಲು ಹಿಡಿದೆ, ಬೇಡಮ್ಮಾ ಅಂದೆ. ತಮ್ಮನ ಏಳಿಗೆ ಕಂಡು ಒಟ್ಟೆಕಿಚ್ಚಾ ನಿಂಗೆ ಅಂದ್ಲು. ಹೆತ್ತ ತಾಯಿಗೆ ಏನಂತ ಬಿಡಿಸಿ ಹೇಳಲಿ? ಅವಳು ಪ್ರೀತಿಯಿಂದಲೇ ಮಾಡ್ತಿರೋದು, ನನ್ನ ಹೆದರಿಕೆಯೂ ಅದೇ. ಮಾವನ್ನ ಕೇಳಿದ್ದಕ್ಕೆ ದಾರಿ ಒಂದೇ ಅಂದ್ರು. ಅಮಾವಾಸ್ಯೆಗೆ ಮೊದಲು ನೀನು ಹಗಲು ಹೊತ್ತಲ್ಲಿ ಮನೆಗೆ ಬರಬೇಕು, ಅಮ್ಮಾ ಹಸಿವಾಗ್ತಿದೆ ಅಂತ ನಿನ್ನ ಬಾಯಿಂದ ನೀನೇ ಕೇಳಬೇಕು, ಅವಳ ಕೈಯಿಂದ ಒಂದು ತುತ್ತು ತಿನ್ನಬೇಕು. ಕಣ್ಣೆದುರು ಕೂತು ಉಂಡ ಮಗನಿಗೆ ಯಾವ ತಾಯೀನೂ ಸತ್ತವರ ಸಾಲಲ್ಲಿ ಎಲೆ ಹಾಕಲ್ಲ.

ಬಾರೋ. ಕ್ಲಾಸು ಇದೆ, ಹಾಲ್ ಬುಕ್ ಆಗಿದೆ ಅನ್ನಬೇಡ. ಹೆಸರು ಹೋದ್ರೆ ಹೋಗಲಿ, ಮತ್ತೆ ಫಿಲ್ಟರ್ ಮಾರೋ, ಮಾರದೇ ಮನೇಲಿ ಬಿದ್ಕೋ, ನಾನು ಹೋಳಿಗೆ ಮಾರಿ ಸಾಕ್ತೀನಿ. ಸೋಮಾರಿಯಾಗಿದ್ದಾಗ ನಿನ್ನನ್ನ ಎಷ್ಟು ಬೈದಿದ್ದೀನೋ, ಅಷ್ಟೇ ಪ್ರೀತೀನೂ ಮಾಡಿದ್ದೀನಿ, ಅದು ನಿಂಗೆ ಗೊತ್ತು.

ಭಾವ ಕೇಳಿದೆ ಅಂತ ಬರಿ ಅಂದ್ರು. ಮಕ್ಕಳು ಯಶು ಮಾವ ಯಾವಾಗ ಬರ್ತಾರೆ ಅಂತ ದಿನಾ ಕೇಳ್ತವೆ. ಮನೆದೇವ್ರು ನಿನ್ನ ಮೈಯನ್ನ ಬೆಚ್ಚಗಿಟ್ಟಿರಲಿ. ಹೊಟ್ಟೆ ಚುರುಗುಟ್ಟಲಿ, ಕಣ್ಣು ತುಂಬ ನಿದ್ದೆ ಬರಲಿ ಅಂತ ಹರಸ್ತೀನಿ.

ನಿನ್ನ ಅಕ್ಕ,
ನಾಗಲಕ್ಷ್ಮಿ

ಮರೆತ ಮಾತು: ಕಾಗದ ಕವರಿಗೆ ಹಾಕ್ತಿದ್ದೆ, ಅಮ್ಮ ಗೋಪಾಲಮ್ಮನ ಮನೆಯಿಂದ ಓಡ್ಕೊಂಡು ಬಂದ್ಲು. ಅವರ ಫೋನಿಂದ ನಿಂಗೆ ಮಾಡಿದ್ಲಂತೆ, ಬಾ ಮಗಾ ಅಂತ ಕರೆದ್ಲಂತೆ. ನೀನು ತಕ್ಷಣ ಒಪ್ಕೊಂಡೆಯಂತೆ. ಪುರುಸೊತ್ತಿಲ್ಲ ಅನ್ನಲಿಲ್ಲ, ನೋಡೋಣ ಅನ್ನಲಿಲ್ಲ. ಅಮಾವಾಸ್ಯೆ ದಿನವೇ ಬರ್ತೀನಮ್ಮಾ, ನೀವೆಲ್ಲ ಬಾಗಿಲು ಎಳ್ಕೊಂಡು ಆಚೆ ಹೋದ ಮೇಲೆ ಬರ್ತೀನಿ ಅಂದೆಯಂತೆ. ಅಮ್ಮ ಕುಣೀತಿದ್ದಾಳೆ. ನಾನು ಕವರಿಂದ ಕಾಗದ ಮತ್ತೆ ತೆಗೆದು ಇದನ್ನ ಬರೀತಿದ್ದೀನಿ. ಯಶೂ, ಹಂಗೆ ಬರಬೇಡ. ಹಗಲಲ್ಲಿ ಹಸ್ಕೊಂಡು ಬರೋಕಾದ್ರೆ ಬಾ. ಆಗದೇ ಇದ್ರೆ ಇದನ್ನ ಓದಿದ ತಕ್ಷಣ ಫೋನ್ ಮಾಡಿ, ಯಾಕೆ ಬರೋಕಾಗಲ್ಲ ಅಂತ ನಂಗೊಂದು ನೆಪ ಹೇಳೋ. ಎಂಥ ಹಸೀ ಸುಳ್ಳಾದ್ರೂ ಸರಿ. ಒಂದೇ ಒಂದು ನೆಪ ಕೇಳಿಸ್ಲಿ, ನನ್ನ ತಮ್ಮ ಇನ್ನೂ ಇದ್ದಾನೆ ಅಂತ ನಂಬ್ಕೊಳ್ತೀನಿ.