‘ವಿಫಲ’ ಎಂದರೆ ಸಾಲದು, ಏಕೆಂದು ಹೇಳಿಸಿ

ಆಸ್ಪತ್ರೆಗಳ ಕಂಪ್ಯೂಟರ್ ವ್ಯವಸ್ಥೆಯ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕನ ಕಣ್ಣುಗಳು ಯಾರಿಗೂ ದಕ್ಕದೆ ಅವಳ ಜೊತೆಗೇ ಹೋದವು. ಅದಕ್ಕೆ ನಿಮ್ಮ ತಂತ್ರಾಂಶ ಕೊಟ್ಟ ವಿವರಣೆ ಇಷ್ಟೇ: ‘ಆಜ್ಞೆ ವಿಫಲವಾಗಿದೆ. ಮತ್ತೆ ಪ್ರಯತ್ನಿಸಿ.’ ಎಷ್ಟು ಚೊಕ್ಕ ಭಾಷೆ! ಬರೆದವರಿಗೆ ಬಹುಮಾನವನ್ನೂ ಕೊಟ್ಟಿದ್ದೀರೇನೋ.

ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಬೀದಿಯ ಅಜ್ಜಿಯರೆಲ್ಲ ಸೂಜಿ ಹಿಡಿದು ಬಂದರೆ ಮಾತಾಡುತ್ತಲೇ ದಾರ ಪೋಣಿಸಿಕೊಡುತ್ತಿದ್ದಳು. ಕಾಯಿಲೆ ಕೈಮೀರಿದಾಗ ನನ್ನನ್ನು ಹತ್ತಿರ ಕೂರಿಸಿಕೊಂಡು, “ಮೈಯೆಲ್ಲಾ ಕೆಟ್ಟೋಯ್ತು ಕಣೋ, ಕಣ್ಣು ಮಾತ್ರ ಚೆನ್ನಾಗಿದೆ. ಅದನ್ನಾದ್ರೂ ಯಾರಿಗಾದ್ರೂ ಕೊಡ್ಸು” ಎಂದಳು. ನನ್ನನ್ನು ಸಾಕಿ ಬೆಳೆಸಿದವಳು ನನ್ನಿಂದ ಕೇಳಿದ್ದು ಅದೊಂದೇ.

ಅವಳು ತೀರಿಕೊಂಡಾಗ ನಾನಿನ್ನೂ ಬಸ್ಸಿನಲ್ಲಿದ್ದೆ. ಆ ವಾರ್ಡಿನಲ್ಲೊಂದು ರೂಢಿಯಿದೆ: ಜೀವ ಹೋಯಿತೆಂದು ಡಾಕ್ಟರು ಹೇಳಿಹೋದರೂ, ಒಡಹುಟ್ಟಿದವರು ಬಂದು ಮುಖ ನೋಡುವವರೆಗೆ ನರ್ಸಮ್ಮ ಕಂಪ್ಯೂಟರಿನಲ್ಲಿ ಸಾವಿನ ಸಮಯ ತುಂಬುವುದಿಲ್ಲ. ದಾರಿಯಲ್ಲಿರುವವರ ಮೇಲಿನ ಕರುಣೆ, ಅಷ್ಟೇ. ಆದರೆ ಅಕ್ಕನ ಆಸೆ ಆಕೆಗೆ ಗೊತ್ತಿತ್ತು. ಆ ಜಾಗ ಖಾಲಿ ಬಿಟ್ಟು, ನೇತ್ರ ಭಂಡಾರಕ್ಕೆ ಸುದ್ದಿ ಕಳಿಸುವ ಗುಂಡಿ ಒತ್ತಿದರು. ವಿಫಲ. ಮತ್ತೆ ಒತ್ತಿದರು. ವಿಫಲ. ನೆಟ್‌ವರ್ಕ್ ಇಲ್ಲವೇನೋ ಎಂದು ಕಾದರು, ಪಕ್ಕದ ವಾರ್ಡಿಗೆ ಓಡಿ ಅಲ್ಲಿಯೂ ಒತ್ತಿದರು. ಫೋನ್ ಮಾಡೋಣವೆಂದರೆ ನೇತ್ರ ಭಂಡಾರದ ಫೋನನ್ನು ನೀವೇ ತೆಗೆಸಿದ್ದೀರಲ್ಲ, ಎಲ್ಲವೂ ತಂತಾನೇ ನಡೆಯಲೆಂದು!

ನಾನು ಬಂದು ಮುಖ ನೋಡಿದೆ. ಆಕೆ ಸಮಯ ತುಂಬಿ ಒತ್ತಿದರು. ಸುದ್ದಿ ಸಲೀಸಾಗಿ ಹೋಯಿತು. ಅಷ್ಟರಲ್ಲಿ ಅವಳು ತೀರಿಕೊಂಡು ಆರು ಗಂಟೆ ದಾಟಿ, ಕಣ್ಣು ತೆಗೆಯುವ ಹೊತ್ತು ಮೀರಿತ್ತು. ಕಣ್ಣು ತೆಗೆಯಲು ಬಂದವರು ಕೈಮುಗಿದು ವಾಪಸಾದರು.

ಆಮೇಲೆ ವಿಚಾರಿಸಿದರೆ, ‘ಸಾವಿನ ಸಮಯ ತುಂಬಿಲ್ಲ’ ಎಂಬ ಕಾರಣವನ್ನು ನಿಮ್ಮ ಯಂತ್ರ ಮೊದಲ ಸಲವೇ ಗುರುತಿಸಿಕೊಂಡಿತ್ತಂತೆ, ನಿಮ್ಮ ಎಂಜಿನಿಯರುಗಳಷ್ಟೇ ಓದುವ ಜಾಗದಲ್ಲಿ. ಬಳಸುವವರಿಗೆ ಗೊಂದಲವಾಗಬಾರದೆಂದು ತೋರಿಸುವುದಿಲ್ಲವಂತೆ. ಅಯ್ಯೋ ಸ್ವಾಮಿ, ಬಾವಿಗೆ ಬೀಳುತ್ತಿರುವವರನ್ನು ಗಾಬರಿಪಡಿಸಬಾರದೆಂದು ಸುಮ್ಮನಿರುತ್ತೀರಾ? ಗೊತ್ತಿದ್ದೂ ಬಾಯಿಬಿಡದ ಯಂತ್ರಕ್ಕಿಂತ ಏನೂ ಗೊತ್ತಿಲ್ಲದ ಕಲ್ಲು ವಾಸಿಯಲ್ಲವೇ?

ಆಜ್ಞೆ ಕೆಟ್ಟರೆ ಏಕೆ ಕೆಟ್ಟಿತು, ಏನು ಸರಿಮಾಡಬೇಕು ಎಂಬುದನ್ನು ಒತ್ತಿದವರ ಎದುರಿಗೇ, ಅರ್ಥವಾಗುವ ಮಾತಿನಲ್ಲಿ ತೋರಿಸಿ. ಒಂದು ಸಾಲು ಸಾಕು.

ಇನ್ನೊಂದು ಕೆಲಸವೂ ಇದೆ. ನರ್ಸಮ್ಮ ಈಗ ಯಾರಿಗಾಗಿಯೂ ಕಾಯದೆ ಆಗಿಂದಾಗಲೇ ಸಮಯ ತುಂಬಿಬಿಡುತ್ತಾರೆ. ನನ್ನನ್ನು ಕಂಡಾಗಲೆಲ್ಲ, “ನಿಮಗೋಸ್ಕರ ಕಾದೆ ಅಣ್ಣ, ನಾನೇ ತಪ್ಪು ಮಾಡ್ಬಿಟ್ಟೆ” ಎನ್ನುತ್ತಾರೆ. ತಪ್ಪು ಯಾರದೆಂದು ನೀವೇ ಹೋಗಿ ಆಕೆಗೆ ಹೇಳಿ. ನಾನು ಹೇಳಿದರೆ ನಂಬುತ್ತಿಲ್ಲ.

ಇಂತಿ,
ಅಕ್ಕನ ಒಂದೇ ಒಂದು ಮಾತು ನಡೆಸಿಕೊಡಲಾಗದ ತಮ್ಮ