ಡ್ರಾಯರಿನ ಶರ್ಟು

ಗುರುವಾರ, ಸಂಜೆ

ಪ್ರೀತಿಯ ಅಕ್ಕಾ,

ಇವತ್ತು ಬೆಳಗ್ಗೆ ಆಸ್ಪತ್ರೆಯ ಮೆಟ್ಟಿಲ ಪಕ್ಕದ ಗೋಡೆಯ ಫೋಟೊಗಳಲ್ಲಿ ಒಂದು ಸೇಫ್ಟಿ ಪಿನ್ನು ನೋಡಿದೆ. ಸರ್ಕಾರದ ಬಡವರ ವಿಮೆಯಲ್ಲಿ ಆಪರೇಷನ್ ಆದ ಮಕ್ಕಳ ಫೋಟೊಗಳು ಅಲ್ಲಿವೆ. ಮೂರು ಮಕ್ಕಳ ಶರ್ಟಿಗೂ ಗುಂಡಿಯ ಜಾಗದಲ್ಲಿ ಅದೇ ಪಿನ್ನು, ಕಾಲರಿನ ಮೇಲೆ ಅದೇ ಕಂದು ಕಲೆ. ಒಂದೇ ತಾಯಿಯ ಮಕ್ಕಳು, ದೊಡ್ಡವನ ಶರ್ಟು ಚಿಕ್ಕವನಿಗೆ ಬಂದಿದೆ ಅಂದುಕೊಂಡೆ. ಸಾಹಿತ್ಯ ಓದಿದವಳಲ್ಲವೇ, ನಿಂತಲ್ಲೇ ಒಂದು ಕಥೆ ಕಟ್ಟಿಬಿಟ್ಟೆ.

ಶರ್ಟು ನಮ್ಮ ವಿಮೆ ಕೌಂಟರಿನ ಕೆಳಗಿನ ಡ್ರಾಯರಿನಲ್ಲಿತ್ತು.

ಫೋಟೊ ತೆಗೆಯುವಾಗ ನಾನು ಎದುರಿದ್ದದ್ದು ಇವತ್ತೇ ಮೊದಲು. ಒಬ್ಬ ಕ್ಷೌರಿಕ ತನ್ನ ಮಗನನ್ನು ಕರೆತಂದಿದ್ದ. ಹುಡುಗನ ಹೃದಯದಲ್ಲಿ ತೂತು, ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತದೆ. ಅರ್ಜಿಗೆ ಫೋಟೊ ತೆಗೆಯುತ್ತಾರೆಂದು ಅಪ್ಪ ಅವನ ತಲೆಯನ್ನು ಎಷ್ಟು ಚೆಂದ ಬಾಚಿದ್ದನೆಂದರೆ ಬೈತಲೆ ನೂಲು ಹಿಡಿದು ಎಳೆದ ಹಾಗಿತ್ತು. ನಮ್ಮ ಅಧಿಕಾರಿ, ನಾನು ಮನಸ್ಸಿನಲ್ಲೇ ಠಸ್ಸೆ ಸಾಹೇಬರು ಅನ್ನುತ್ತೇನಲ್ಲ ಅವರು, ಏನಯ್ಯಾ, ಮಗನಿಗೆ ಹೆಣ್ಣು ನೋಡೋಕೆ ಹೊರಟಿದ್ದೀಯಾ ಅಂತ ನಕ್ಕರು. ಡ್ರಾಯರ್ ಎಳೆದು ಶರ್ಟನ್ನು ಎರಡು ಬೆರಳಲ್ಲಿ ಎತ್ತಿ ಎಸೆದರು. ಅದನ್ನು ಯಾರೂ ಯಾವತ್ತೂ ಒಗೆದಿಲ್ಲ. ಎಷ್ಟು ಮಕ್ಕಳ ಜ್ವರ, ಬೆವರು, ವಾಂತಿ ಅದರಲ್ಲಿ ಒಣಗಿದೆಯೋ. ಅಪ್ಪಾ, ಇದು ಯಾರದು, ನಾತ ಹೊಡೀತಿದೆ ಅಂದಿತು ಆ ಮಗು. ಅಪ್ಪ, ಉಸಿರು ಹಿಡ್ಕೋ ಮಗಾ, ಒಂದೇ ನಿಮಿಷ ಅಂದ. ಆಮೇಲೆ ಸಾಹೇಬರು, ಕೂದಲು ಸ್ವಲ್ಪ ಕೆದರಪ್ಪ ಅಂದರು.

ತಾನು ಬಾಚಿದ ತಲೆಯನ್ನು ತಾನೇ ಕೆದರಿದ, ಅಕ್ಕಾ. ಅವನ ಬೆರಳುಗಳಿಗೆ ಆ ಕೆಲಸ ಗೊತ್ತೇ ಇರಲಿಲ್ಲ.

ಸಾಹೇಬರು ನನ್ನ ಮುಖ ನೋಡಿದರು. ಮೇಲಿನವರು ಫೋಟೊ ನೋಡೋದು ಒಂದು ಕ್ಷಣ ಕಣಮ್ಮಾ, ನೋಡಿದ ಕೂಡಲೇ ಅಯ್ಯೋ ಅನ್ನಿಸಬೇಕು, ನಾನೇನು ಇದರಲ್ಲಿ ಗಂಟು ಹೊಡ್ಕೊಂಡೆನಾ ಅಂದರು. ನಿಜ, ಅವರು ಯಾರಿಂದಲೂ ಒಂದು ಲೋಟ ಟೀ ಕುಡಿದವರಲ್ಲ. ಅದಕ್ಕೇ ಇನ್ನೂ ಅಸಹ್ಯ. ಒಳ್ಳೆಯದು ಮಾಡುತ್ತಿದ್ದೇನೆಂದು ನಂಬಿಕೊಂಡೇ ಆ ಶರ್ಟು ತೊಡಿಸುತ್ತಾರೆ. ನನಗೆ ಬುದ್ಧಿ ಬರಲೆಂದು, ಶರ್ಟು ಹಾಕಿಸದೆ ಕಳಿಸಿ ವಾಪಸ್ ಬಂದ ಒಂದು ಅರ್ಜಿಯನ್ನು ತೆರೆದು ತೋರಿಸಿದರು.

ನಮ್ಮ ಪುಟ್ಟಿಯದು.

ಯಾಕೆ ವಾಪಸ್ ಬಂತೆಂದು ನೀನು ಕೇಳುತ್ತಲೇ ಇದ್ದೆ. ಈಗ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಅರ್ಜಿಯ ಕೊನೆಯಲ್ಲಿ ಮೇಲಿನವರು ಹೀಗೆ ಬರೆದಿದ್ದರು: ಮಗುವಿನ ಉಡುಪು ನೋಡಿದರೆ ಕುಟುಂಬ ಬಡತನದಲ್ಲಿರುವಂತೆ ಕಾಣುವುದಿಲ್ಲ. ನಿನ್ನ ಹಳದಿ ಫ್ರಾಕಿನಿಂದ, ಅಕ್ಕಾ. ಗಿರಾಕಿಗಳ ಬಟ್ಟೆಯ ಚೂರುಗಳನ್ನು ಕೂಡಿಸಿ, ಹೊಲಿಗೆ ಹೊರಗೆ ಕಾಣದ ಹಾಗೆ ಹೊಲಿದೆಯಲ್ಲ, ಅದರಿಂದ. ಆದಾಯದ ಪತ್ರ, ಡಾಕ್ಟರ ವರದಿ ಎಲ್ಲ ಸರಿಯಾಗಿತ್ತು. ಹೆಚ್ಚಾದದ್ದು ನಿನ್ನ ಕೈಕೆಲಸ. ಆ ತಾಯಿಗೆ ಹೇಳು, ಸೋಮವಾರ ಮಗು ಕರ್ಕೊಂಡು ಬರಲಿ, ಶರ್ಟು ಹಾಕಿಸಿ ಕಳಿಸೋಣ ಅಂದರು ಸಾಹೇಬರು. ಆ ತಾಯಿ ನನ್ನ ಅಕ್ಕ ಅನ್ನಲು ಬಾಯಿ ತೆರೆದೆ. ನನ್ನ ಬಾಯಿ ನಿನಗೆ ಗೊತ್ತಲ್ಲ, ತೆರೆಯುತ್ತದೆ ಅಷ್ಟೆ.

ಊಟದ ಹೊತ್ತಿನಲ್ಲಿ ವಿಮೆಯ ನಿಯಮಗಳನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಫೋಟೊದ ಬಗ್ಗೆ ಇರುವುದು ಒಂದೇ ಸಾಲು: ಮುಖ ಮತ್ತು ಎರಡೂ ಕಿವಿ ಸ್ಪಷ್ಟವಾಗಿ ಕಾಣಬೇಕು. ಬಟ್ಟೆಯ ಮಾತೇ ಇಲ್ಲ. ಮಧ್ಯಾಹ್ನ ವಾರ್ಡಿಗೆ ಹೋಗಿ ಆ ಹುಡುಗನ ಇನ್ನೊಂದು ಫೋಟೊ ತೆಗೆದೆ. ಅಪ್ಪ ಏನೂ ಕೇಳದೆ ಜೇಬಿನಿಂದ ಬಾಚಣಿಗೆ ತೆಗೆದ. ಮೇಲಕ್ಕೆ ಹೋದದ್ದು ಆ ಫೋಟೊ.

ಪುಟ್ಟಿಯ ಅರ್ಜಿಗೆ ಉತ್ತರವನ್ನೂ ಬರೆದಿಟ್ಟಿದ್ದೇನೆ. ಮಗುವಿನ ತಾಯಿ ದರ್ಜಿ; ಉಡುಪು ಆಕೆಯ ಕೆಲಸ, ಆದಾಯವಲ್ಲ; ಬಟ್ಟೆ ನೋಡಿ ತಿರಸ್ಕರಿಸಬೇಕೆಂದು ಯಾವ ನಿಯಮ ಹೇಳುತ್ತದೆ, ದಯವಿಟ್ಟು ತಿಳಿಸಿ. ಕೆಳಗೆ ನನ್ನ ಸಹಿ. ಫ್ರಾಕನ್ನು ಒಳಮಗ್ಗುಲು ತಿರುಗಿಸಿ ಆ ತೇಪೆಗಳ ಫೋಟೊ ಹಾಕಿದ್ದರೆ ಬೇಗ ಅಯ್ಯೋ ಅನ್ನುತ್ತಿದ್ದರೋ ಏನೋ. ಹಾಕುವುದಿಲ್ಲ. ನೀನು ಮುಚ್ಚಿ ಹೊಲಿದದ್ದನ್ನು ಬಿಚ್ಚಿ ತೋರಿಸಲು ನಾನ್ಯಾರು?

ಮತ್ತೆ ವಾಪಸ್ ಬಂದರೆ ಅನ್ನುವ ಭಯ ನನಗೂ ಇದೆ. ಒಂದು ಕಿವಿ ಆಗಲೇ ಹೋದಂತಿದೆ, ಇನ್ನೊಂದು ಕಿವಿ ಆಪರೇಷನ್ನಿಗೆ ಹೆಚ್ಚು ದಿನ ಕಾಯುವುದಿಲ್ಲ ಅಂದಿದ್ದಾರೆ ಡಾಕ್ಟರು. ಮಗು ಈಗಲೇ ನಮ್ಮ ತುಟಿ ನೋಡಿ ಮಾತು ತಿಳಿಯುತ್ತಿದೆ. ಆದರೂ ಉಸಿರು ಹಿಡ್ಕೋ ಅಂತ ಅವಳಿಗೆ ಹೇಳಲಾರೆ. ಸೋಮವಾರ ಹಳದಿ ಫ್ರಾಕನ್ನೇ ಹಾಕಿ ಕರೆದುಕೊಂಡು ಬಾ. ಕೂದಲು ಹಿಂದಕ್ಕೆ ಕಟ್ಟು, ಕಿವಿ ಕಾಣಲಿ. ಫೋಟೊ ನಾನೇ ತೆಗೆಯುತ್ತೇನೆ.

ನಿನ್ನ ಬಾಯಿಲ್ಲದ ತಂಗಿ

ಮರೆತದ್ದು: ಈ ಪತ್ರದ ಜೊತೆಗಿರುವ ಪೊಟ್ಟಣವನ್ನು ಪುಟ್ಟಿಯ ಎದುರು ಬಿಚ್ಚಬೇಡ. ಶರ್ಟು ಅದರಲ್ಲಿದೆ. ಕುದಿಯುವ ನೀರಿಗೆ ಹಾಕಿ, ಒಣಗಿದ ಮೇಲೆ ಕತ್ತರಿಸಿ ಹೊಲಿಗೆ ಯಂತ್ರದ ಎಣ್ಣೆ ಒರೆಸಲು ಇಟ್ಟುಕೋ. ನಾಳೆ ಸಾಹೇಬರು ಡ್ರಾಯರ್ ಎಳೆಯುತ್ತಾರೆ, ಕೇಳುತ್ತಾರೆ. ಶರ್ಟು ನಾನೇ ತೆಗೆದದ್ದು, ಆ ತಾಯಿ ನನ್ನ ಅಕ್ಕ ಅನ್ನುವುದನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ. ಧ್ವನಿ ಇನ್ನೂ ಹೊರಟಿಲ್ಲ, ತುಟಿ ಮಾತ್ರ ಅಲುಗುತ್ತಿದೆ. ಪುಟ್ಟಿ ಎದುರಿಗಿದ್ದಿದ್ದರೆ ಅವಳಿಗೆ ಅಷ್ಟೇ ಸಾಕಾಗುತ್ತಿತ್ತು.